ಚಾರ್ಟ್ ತೋರಿಸಿದ್ರೆ ಹೇಳ್ತಾರೆ, ಆಕಳು ತೋರಿಸಿದ್ರೆ ಸುಮ್ನಾಗ್ತಾರೆ: ಚಿಕ್ಕ ಮಕ್ಕಳ ಇಂಗ್ಲಿಷ್ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಣ್ಣ ಮಕ್ಕಳಿಗೆ ಇಂಗ್ಲಿಷ್ ಶಬ್ದ ಕಲಿಸೋದ್ರ ಬಗ್ಗೆನೇ ಇದ್ವು, ಮಳೆಗಾಲದಲ್ಲಿ ಶಾಲೆ ಒಂದು ಹದಕ್ಕೆ ಬಂದ್ಮೇಲೆ ಹೀಗೇ ಆಗೋದು. ನಾಲ್ಕು ಪ್ರಶ್ನೆ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಉಳಿದವ್ರೂ ಅದನ್ನ ಓದ್ಕೊಳ್ಳಿ, ಯಾಕಂದ್ರೆ ಅರ್ಧ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿ ಶಾಲೆ ನಂದು. ನಲಿಕಲಿ ತರಗತಿ, ಒಂದು ಎರಡು ಮೂರು ಒಟ್ಟಿಗೇ ಕೂರ್ತಾರೆ. ಗೋಡೆ ಮೇಲಿನ ಚಾರ್ಟ್ ತೋರಿಸಿದ್ರೆ ಹಣ್ಣು, ಪ್ರಾಣಿ ಎಲ್ಲಾ ಕೂಗಿ ಹೇಳ್ತಾರೆ. ಹೊರಗೆ ದಣಪೆ ಹತ್ರ ನಿಂತ ಆಕಳು ತೋರಿಸಿ ವಾಟ್ ಈಸ್ ದಿಸ್ ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಚಟುವಟಿಕೆ ಮಾಡಿಸಿ ಅಂತಾರೆ, ಮಾಡಿಸಿದೀನಿ, ಥರ್ಮಾಕೋಲ್‌ನಲ್ಲಿ ಅಡಿಕೆ ತೋಟ ಮಾಡಿಸಿದ್ದೆ, ಮಕ್ಕಳಿಗೆ ಭಾರಿ ಖುಷಿ, ಶಬ್ದ ಮಾತ್ರ ಬರ್ಲಿಲ್ಲ. ಖರ್ಚಿಲ್ಲದೆ ಎಂತ ಮಾಡಬಹುದು?

ಉತ್ತರ: ಅಕ್ಕೋರೆ, ಥರ್ಮಾಕೋಲ್ ತೋಟ ಮಾಡೋವಾಗ ಮಕ್ಕಳು ಏನು ಮಾತಾಡಿದ್ರು ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. "ಗಮ್ ಕೊಡೇ", "ನಂದು ಹರಿದೋಯ್ತು", "ನೋಡ್ರೀ ಅಕ್ಕೋರೆ ಇವ್ನು ಕತ್ರಿ ಕೊಡ್ತಿಲ್ಲ". ಎಲ್ಲಾ ಕನ್ನಡ. ಮುಕ್ಕಾಲು ಗಂಟೆ ಕೈ ಕೆಲಸ ಮಾಡ್ತು, ಇಂಗ್ಲಿಷ್ ಬಾಯಿಗೆ ಬರೋ ಅಗತ್ಯನೇ ಬೀಳ್ಲಿಲ್ಲ. ಅದು ಒಳ್ಳೆ ಕ್ರಾಫ್ಟ್ ಪೀರಿಯಡ್, ಇಂಗ್ಲಿಷ್ ಪೀರಿಯಡ್ ಅಲ್ಲ. ಯಾವ ಚಟುವಟಿಕೆ ಬಗ್ಗೆ ಕೇಳಿದ್ರೂ ನಾನು ನೋಡೋದು ಇಷ್ಟೇ, ಆ ಶಬ್ದ ಕೇಳಿಸ್ಕೊಳ್ದೆ ಅಥವಾ ಹೇಳ್ದೆ ಮಗು ಈ ಕೆಲಸ ಮುಗಿಸೋಕೆ ಆಗುತ್ತಾ? ಆಗುತ್ತೆ ಅಂದ್ರೆ ಆ ಆಟ ಬೇರೆ ಏನಕ್ಕಾದ್ರೂ ಇರ್ಲಿ, ಶಬ್ದ ಕಲಿಸೋಕೆ ಬೇಡ. ಅದೇ ತೋಟನ ಇಂಗ್ಲಿಷ್ ಪಾಠ ಮಾಡ್ಬೇಕಾದ್ರೆ ಗಮ್ಮು, ಕತ್ತರಿ, ಹಸಿರು ಕಾಗದ ಮೂರನ್ನೂ ಒಂದು ಮಗು "ಅಂಗಡಿಕಾರ" ಆಗಿ ಇಟ್ಕೊಂಡು ಕೂತಿರ್ಲಿ, "ಗ್ರೀನ್ ಪೇಪರ್ ಪ್ಲೀಸ್" ಅಂದ್ರೆ ಮಾತ್ರ ಕೊಡ್ಲಿ, ಅಷ್ಟೇ ಬದಲಾವಣೆ ಸಾಕು.

ಚಾರ್ಟ್ ವಿಷ್ಯ ನೀವೇ ಪರೀಕ್ಷೆ ಮಾಡಿ ನೋಡಿ. ಚಾರ್ಟನ್ನ ತಲೆಕೆಳಗು ಮಾಡಿ ಹಾಕಿ, ಇಲ್ಲಾ ಮಧ್ಯದಿಂದ ಶುರು ಮಾಡಿ. ತಡವರಿಸಿದ್ರೆ ಅವ್ರು ಕಲ್ತಿದ್ದು ಚಿತ್ರದ ಜಾಗ ಮತ್ತೆ ರಾಗ. ಅದು ಮಕ್ಕಳ ತಪ್ಪಲ್ಲ, ಚಾರ್ಟ್ ಕೇಳೋದೇ ಅಷ್ಟು.

ಎಲ್ಲಿಂದ ಶುರು ಮಾಡೋದು ಅಂದ್ರೆ ಅಪ್ಪಣೆ ಆಟದಿಂದ. ಅಮೆರಿಕದ ಜೇಮ್ಸ್ ಆಶರ್ ಅನ್ನೋ ಮನಃಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೊಂದು ರೂಪ ಕೊಟ್ರು, ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅಂತ ಹೆಸರು. ಮಗು ಮೊದಲು ಕೇಳಿ ಮೈಯಲ್ಲಿ ಮಾಡಿ ತೋರಿಸ್ಲಿ, ಮಾತು ಆಮೇಲೆ ತಾನಾಗೇ ಬರ್ಲಿ ಅನ್ನೋದು ಅದರ ತಿರುಳು. ಅಂಗಳದಿಂದ ಕಲ್ಲು, ಎಲೆ, ಕಡ್ಡಿ, ಒಂದು ಗರಟೆ ತರಿಸಿ. "ಟಚ್ ದ ಲೀಫ್" ಅಂತ ಹೇಳಿ ನೀವೇ ಮುಟ್ಟಿ ತೋರಿಸಿ, ಅವ್ರ ಜೊತೆ ಮಾಡಿ, ಆಮೇಲೆ ನಿಮ್ಮ ಕೈ ಹಿಂದಕ್ಕೆ ಕಟ್ಕೊಂಡು ಬರೀ ಹೇಳಿ. ಈ ಕೈ ಕಟ್ಕೊಳ್ಳೋದನ್ನ ತುಂಬಾ ಜನ ಬಿಟ್ಬಿಡ್ತಾರೆ, ಮಕ್ಕಳು ಶಬ್ದ ಕೇಳ್ದೆ ನಿಮ್ಮ ಕೈ ನೋಡಿ ಮಾಡ್ತಾ ಇರ್ತಾರೆ, ನಿಮಗೆ ಗೊತ್ತಾಗಲ್ಲ. ಅದು ಸರಾಗ ಆದ್ಮೇಲೆ "ಪುಟ್ ದ ಸ್ಟೋನ್ ಅಂಡರ್ ದ ಲೀಫ್", "ಪುಟ್ ದ ಕೋಕನಟ್ ಶೆಲ್ ಆನ್ ಯುವರ್ ಹೆಡ್". ಗರಟೆ ತಲೆ ಮೇಲೆ ಬಂದ ತಕ್ಷಣ ನಗು ಏಳುತ್ತೆ, ಮೂರನೇ ಕ್ಲಾಸಿನವ್ರು ನಾವು ಹೇಳ್ತೇವೆ ಅಂತ ಮುಂದೆ ಬರ್ತಾರೆ. ಆಗ ಅಪ್ಪಣೆ ಮಾಡೋ ಕೆಲಸ ಅವ್ರಿಗೆ ಬಿಟ್ಕೊಡಿ. ಮೂರು ಕ್ಲಾಸು ಒಟ್ಟಿಗಿರೋದು ಇಲ್ಲಿ ತೊಂದ್ರೆ ಅಲ್ಲ, ಅನುಕೂಲನೇ, ದೊಡ್ಡವ್ರು ಹೇಳ್ತಾರೆ ಸಣ್ಣವ್ರು ಮಾಡ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ ಶುರುವಾದಾಗಿಂದ ಮಕ್ಕಳಿಂದ ಮಕ್ಕಳು ಕಲಿಯೋದೇ ಅದರ ಬೆನ್ನೆಲುಬಾಗಿದೆ, ಇಂಗ್ಲಿಷ್ ಪಾಠ ಬಂದಾಗ ಮಾತ್ರ ನಾವು ಯಾಕೋ ಮತ್ತೆ ಚಾರ್ಟಿಗೆ ಓಡ್ತೇವೆ.

ಎರಡನೇದು ಚೀಲದ ಆಟ. ಹಳೇ ಬಟ್ಟೆ ಚೀಲ, ಒಳಗೆ ಐದಾರು ವಸ್ತು. ಒಣ ಅಡಿಕೆ, ಕಪ್ಪೆಚಿಪ್ಪು, ಚಮಚ, ಬೀಗ, ಒಂದು ಹತ್ತಿ ಉಂಡೆ. ಮಗು ನೋಡ್ದೆ ಕೈ ಹಾಕಿ ಮುಟ್ಟುತ್ತೆ, ಉಳಿದವ್ರು "ಈಸ್ ಇಟ್ ಹಾರ್ಡ್?", "ಈಸ್ ಇಟ್ ಸಾಫ್ಟ್?" ಅಂತ ಕೇಳಿ ಕೇಳಿ ಕಂಡುಹಿಡೀಬೇಕು. ರಫ್, ಸ್ಮೂತ್, ಕೋಲ್ಡ್ ಇಂಥ ಶಬ್ದ ಚಿತ್ರದಲ್ಲಿ ತೋರಿಸೋಕೆ ಬರಲ್ಲ, ಬೆರಳಿಗೆ ಮಾತ್ರ ಗೊತ್ತಾಗೋದು. ಒಂದು ಎಚ್ಚರಿಕೆ, ಎಣಿಸೋಕೆ ಆಡೋಕೆ ಅಂತ ಗುಲಗಂಜಿ ಬಳಸೋದು ನಮ್ಮ ಕಡೆ ಇನ್ನೂ ಇದೆ, ಅದನ್ನ ಚೀಲಕ್ಕೆ ಹಾಕಲೇಬೇಡಿ, ಅಗಿದ್ರೆ ವಿಷ. ಅಡಿಕೆನೂ ಬಾಯಿಗೆ ಹೋಗ್ದಂಗೆ ನೋಡ್ಕೊಳ್ಳಿ.

ಇನ್ನೊಂದು ಆಟ ಇದೆ, ಒಂದೇ ಆಟ ಆರಿಸ್ಕೋ ಅಂದ್ರೆ ನಾನು ಇದನ್ನೇ ಆರಿಸ್ಕೊಳ್ಳೋದು. ಇಬ್ಬರು ಮಕ್ಕಳನ್ನ ಎದುರುಬದುರು ಕೂರಿಸಿ, ನಡುವೆ ಪಾಟಿಚೀಲ ನಿಲ್ಸಿ, ಆಚೆಯವ್ರದ್ದು ಈಚೆಯವ್ರಿಗೆ ಕಾಣ್ಬಾರ್ದು. ಇಬ್ಬರಿಗೂ ಒಂದೇ ಥರದ ಸಾಮಾನು ಕೊಡಿ, ಒಂದು ಸ್ಲೇಟು, ದೊಡ್ಡದೊಂದು ಸಣ್ಣದೊಂದು ಕಲ್ಲು, ಎಲೆ, ಪೆನ್ಸಿಲ್ಲು, ರಬ್ಬರ್ರು. ಒಂದು ಮಗು ತನ್ನ ಸ್ಲೇಟಿನ ಮೇಲೆ ಇಷ್ಟ ಬಂದಂಗೆ ಜೋಡಿಸ್ಕೊಂಡು ಹೇಳ್ಬೇಕು, ಇನ್ನೊಂದು ಕೇಳಿ ಹಾಗೇ ಜೋಡಿಸ್ಬೇಕು. ನಡೆಯೋದು ಹೀಗೆ:

"ಲೀಫ್ ಆನ್ ಸ್ಲೇಟ್."
"ಆನ್ ಸ್ಲೇಟ್, ಓಕೆ."
"ಸ್ಟೋನ್ ಆನ್ ಲೀಫ್."
"ಬಿಗ್ ಸ್ಟೋನ್?"
"ನೋ ನೋ, ಸ್ಮಾಲ್ ಸ್ಟೋನ್. ಪೆನ್ಸಿಲ್... ಪೆನ್ಸಿಲ್ ಅಂಡರ್ ಸ್ಲೇಟ್."

ಆಮೇಲೆ ಚೀಲ ಎತ್ತೋದು. ಎರಡೂ ಕಡೆ ಒಂದೇ ಥರ ಇದ್ರೆ ಕೇಕೆ, ಬೇರೆ ಇದ್ರೆ "ನೀನು ಅಂಡರ್ ಅಂದಿದ್ದೆ", "ಇಲ್ಲ ಆನ್ ಅಂದಿದ್ದೆ" ಅಂತ ಜಗಳ. ಆ ಜಗಳ ನಡೀಲಿ ಬಿಡಿ, ಆನ್ ಮತ್ತು ಅಂಡರ್ ಬೇರೆ ಬೇರೆ ಅಂತ ಅಲ್ಲಿ ಗೊತ್ತಾದಷ್ಟು ನೀವು ಬೋರ್ಡ್ ಮೇಲೆ ಹತ್ತು ಸಲ ಬರೆದ್ರೂ ಗೊತ್ತಾಗಲ್ಲ. "ದ" ಬಿಟ್ರು, "ಈಸ್" ಬಿಟ್ರು ಅಂತ ಆಟದ ಮಧ್ಯೆ ತಿದ್ದೋಕೆ ಹೋಗ್ಬೇಡಿ. ಆಟ ಮುಗಿದ್ಮೇಲೆ ನೀವೇ ಪೂರ್ತಿ ವಾಕ್ಯದಲ್ಲಿ ಒಮ್ಮೆ ಹೇಳಿ, ಕಿವಿಗೆ ಬಿದ್ದಿರುತ್ತೆ.

ಶಬ್ದ ಆರಿಸೋವಾಗ ಇನ್ನೊಂದು ಮಾತು. ಒಂದೇ ದಿನ ಎಲ್ಲಾ ಬಣ್ಣ, ಒಂದೇ ದಿನ ಎಲ್ಲಾ ಹಣ್ಣು ಅಂತ ಪಾಠ ಮಾಡೋ ರೂಢಿ ಇದೆಯಲ್ಲ, ಅದು ನೋಡೋಕೆ ಅಚ್ಚುಕಟ್ಟು, ನೆನಪಿಗೆ ಕಷ್ಟ. ಟಿಂಕ್‌ಹ್ಯಾಮ್, ವೇರಿಂಗ್ ಅನ್ನೋ ಇಬ್ಬರು ಸಂಶೋಧಕರು, ಒಬ್ಬರು 1993ರಲ್ಲಿ, ಇನ್ನೊಬ್ಬರು 1997ರಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಒಂದೇ ಜಾತಿಯ ಹೊಸ ಶಬ್ದಗಳನ್ನ ಒಟ್ಟಿಗೆ ಕಲಿಸಿದ್ರೆ ಒಂದಕ್ಕೊಂದು ಕಲಸಿಹೋಗಿ ನಿಧಾನ ಆಗುತ್ತೆ ಅಂತ ಸಿಕ್ತು. ಆ ಪ್ರಯೋಗ ದೊಡ್ಡವ್ರ ಮೇಲೆ ಮಾಡಿದ್ದು, ಆದ್ರೆ ಲೆಫ್ಟ್ ರೈಟ್ ಒಂದೇ ದಿನ ಹೇಳ್ಕೊಟ್ಟು ವರ್ಷವಿಡೀ ಒದ್ದಾಡಿದ ಟೀಚರ್ ಯಾರನ್ನ ಕೇಳಿದ್ರೂ ಹೌದು ಅಂತಾರೆ. ಬದಲಿಗೆ ಒಂದು ಸನ್ನಿವೇಶಕ್ಕೆ ಬೇಕಾದ ಶಬ್ದ ತಗೊಳ್ಳಿ. ಮುರುಗಲು ಪಾನಕ ಮಾಡೋದು ಅಂತ ಇಟ್ಕೊಳ್ಳಿ, ವಾಟರ್, ಶುಗರ್, ಸ್ಪೂನ್, ಪೋರ್, ಸ್ಟರ್, ಟೇಸ್ಟ್, ಸೌರ್. ಒಲೆ ಬೇಡ, ಚಾಕು ಬೇಡ. ಆರೇಳು ಶಬ್ದ ಒಂದು ವಾರಕ್ಕೆ ಸಾಕು. ಜಾಸ್ತಿ ಅಂದ್ರೆ ಹತ್ತು.

ಪ್ರಶ್ನೆ: ನಾವು ಕಾರವಾರದವ್ರು, ಮನೇಲಿ ಕೊಂಕಣಿ. ಮಗಳು ಯುಕೆಜಿ, ಶಾಲೇಲಿ ಕನ್ನಡನೂ ಇದೆ ಇಂಗ್ಲಿಷೂ ಇದೆ. ಮೂರು ಭಾಷೆ ಕಲಸಿ ಗೊಂದಲ ಆಗಲ್ವಾ? ಮನೇಲೂ ಇಂಗ್ಲಿಷೇ ಮಾತಾಡಿ ಅಂತ ಕೆಲವ್ರು ಹೇಳ್ತಾರೆ. ಶಾಲೇಲಿ ಇಂಗ್ಲಿಷ್ ಬಾಯೇ ಬಿಡಲ್ಲ ಅಂತ ಕಂಪ್ಲೇಂಟ್ ಬೇರೆ.

ಉತ್ತರ: ಕೊಂಕಣಿ ಬಿಡ್ಬೇಡಿ ತಾಯಿ. ಕಾರವಾರ ಪೇಟೆಯಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರರಲ್ಲೂ ಚೌಕಾಸಿ ಮಾಡೋ ಜನ ನಾವು, ನಮ್ಮ ಮಕ್ಕಳಿಗೆ ಮೂರು ಭಾಷೆ ಹೊಸದೇನಲ್ಲ. ಒಂದು ವಾಕ್ಯದಲ್ಲಿ ಮೂರೂ ಬೆರೆಸಿದ್ರೆ ಅದು ಗೊಂದಲ ಅಲ್ಲ, ಕೈಗೆ ಸಿಕ್ಕಿದ್ದನ್ನ ಬಳಸ್ಕೊಂಡಿದ್ದು. ಬಾಯಿ ಬಿಡಲ್ಲ ಅನ್ನೋದಕ್ಕೆ ಇಷ್ಟು ನೋಡಿ, "ಬ್ರಿಂಗ್ ಯುವರ್ ಶೂಸ್" ಅಂದ್ರೆ ತರ್ತಾಳಾ? ತಂದ್ರೆ ಒಳಗೆ ಕೆಲಸ ನಡೀತಾ ಇದೆ. ಹೊಸ ಭಾಷೆಯಲ್ಲಿ ಕೆಲವು ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳ್ತಾರೆ. ನಾಲ್ಕು ಜನರ ಎದುರು "ಇಂಗ್ಲಿಷಲ್ಲಿ ಹೇಳು ಪುಟ್ಟಾ" ಅಂತ ನಿಲ್ಲಿಸ್ಬೇಡಿ, ಅದೊಂದು ಬಿಟ್ರೆ ಅರ್ಧ ಸಮಸ್ಯೆ ಹೋಗುತ್ತೆ. ಕನ್ನಡದಲ್ಲಿ ಕೊಂಕಣಿಯಲ್ಲಿ ಹೇಳಿದ್ರೂ ಅರ್ಥ ಆಗಲ್ಲ, ಕೇಳಿಸ್ಕೊಳ್ಳಲ್ಲ ಅನ್ನೋ ಥರ ಇದ್ರೆ ಮಾತ್ರ ಡಾಕ್ಟರ್ ಹತ್ರ ಕಿವಿ ತೋರಿಸಿ.

ಆಟಕ್ಕೆ ಹುಡುಕೋದೇ ಬೇಡ, ಮೀನು ಪೇಟೆ ಆಟ ಆಡಿ. ಹಳೇ ಮದುವೆ ಕಾರ್ಡ್ ಕತ್ತರಿಸಿ ಬಂಗಡೆ, ತಾರ್ಲೆ, ಸಿಗಡಿ, ಏಡಿ ಮಾಡಿ, ಬುಟ್ಟೀಲಿ ಹಾಕಿ, ಮಗಳನ್ನ ಮಾರೋಕೆ ಕೂರಿಸಿ. "ಹೌ ಮಚ್ ಈಸ್ ದಿಸ್ ಕ್ರಾಬ್?" "ಟ್ವೆಂಟಿ!" "ಟೂ ಮಚ್! ಟೆನ್." ಮೀನು ಮಾರೋ ಹೆಂಗಸರ ಧಾಟಿ ಅವಳಿಗೆ ನಿಮಗಿಂತ ಚೆನ್ನಾಗಿ ಬರುತ್ತೆ ನೋಡಿ, ಆ ಧಾಟಿಯಲ್ಲೇ "ನೋ ನೋ, ಫ್ರೆಶ್ ಫಿಶ್!" ಅಂತಾಳೆ. ಪುಸ್ತಕದಲ್ಲಿ ಐ ಫಾರ್ ಇಗ್ಲೂ ಇರುತ್ತೆ, ಇರ್ಲಿ ಪಾಪ, ಆದ್ರೆ ಕಡಲ ಬದಿಯ ಮಗುವಿಗೆ ನೆಟ್, ಬೋಟ್, ವೇವ್, ಕ್ರಾಬ್ ಮೊದಲು ಬರ್ಬೇಕು. ಟಾಗೋರ್ ಬೀಚಿಗೆ ಹೋದ್ರೆ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಇದೆಯಲ್ಲ, ಏಣಿ ಹತ್ತಿ ಇಳಿಯೋವಾಗ ಕ್ಲೈಂಬ್ ಅಪ್, ಕಮ್ ಡೌನ್, ಹೋಲ್ಡ್ ದ ರೋಪ್, ಇಷ್ಟೇ ಹೇಳ್ತಾ ಹೋಗಿ. ಪ್ರವಾಸ ಪೂರ್ತಿ ಪಾಠ ಮಾಡ್ಬೇಡಿ ಮತ್ತೆ, ಮಗು ಇನ್ನೊಂದ್ಸಲ ಬರಲ್ಲ ಅನ್ನುತ್ತೆ.

ಪ್ರಶ್ನೆ: ಅಂಕೋಲಾದಲ್ಲಿ ಸಣ್ಣ ಮಕ್ಕಳಿಗೆ ಟ್ಯೂಷನ್ ಮಾಡ್ತೇನೆ. ಆಟ ಎಲ್ಲಾ ಆಡಿಸ್ತೇನೆ, ಆ ದಿನ ಪಟಪಟ ಹೇಳ್ತಾರೆ, ಮುಂದಿನ ವಾರ ಕೇಳಿದ್ರೆ ಸೊನ್ನೆ. ಎಲ್ಲಿ ತಪ್ಪಾಗ್ತಿದೆ?

ಉತ್ತರ: ಆಟದಲ್ಲಿ ತಪ್ಪಿಲ್ಲ, ಕ್ಯಾಲೆಂಡರಲ್ಲಿದೆ. ಮರೆಯೋದು ಸಹಜ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನೋ ಮನಃಶಾಸ್ತ್ರಜ್ಞರು 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ಬರೆದಿಟ್ಟಿದಾರೆ, ಕಲಿತ ಮೊದಲ ಕೆಲವು ಗಂಟೆ, ಮೊದಲ ದಿನದಲ್ಲೇ ಹೆಚ್ಚು ಸೋರಿಹೋಗುತ್ತೆ, ಮತ್ತೆ ಮತ್ತೆ ಬಿಟ್ಟು ಬಿಟ್ಟು ನೋಡಿದ್ರೆ ಸೋರೋದು ಕಮ್ಮಿ ಆಗುತ್ತೆ. ನೀವು ಒಂದು ಗಂಟೆ ಒಂದೇ ಶಬ್ದ ಗುದ್ದಿ ಗುದ್ದಿ ಹೇಳಿಸೋ ಬದಲು ಹತ್ತು ನಿಮಿಷ ಇವತ್ತು, ಐದು ನಿಮಿಷ ನಾಳೆ, ಎರಡು ನಿಮಿಷ ಮೂರು ದಿನ ಬಿಟ್ಟು ಅಂತ ಹಂಚಿ.

ಇದಕ್ಕೆ ಡಬ್ಬಿ ಪದ್ಧತಿ ಇದೆ, 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋರು ಹೇಳಿದ್ದು. ಚಪ್ಪಲಿ ಬಾಕ್ಸಿನಲ್ಲಿ ರಟ್ಟು ಅಡ್ಡ ಇಟ್ಟು ಮೂರು ಖಾನೆ ಮಾಡಿ. ಹೊಸ ಶಬ್ದದ ಚಿತ್ರದ ಚೀಟಿ ಒಂದನೇ ಖಾನೆಗೆ, ಅದನ್ನ ದಿನಾ ತೆಗೀಬೇಕು. ಸರಿ ಹೇಳಿದ್ರೆ ಎರಡಕ್ಕೆ, ಅದು ಎರಡ್ಮೂರು ದಿನಕ್ಕೊಮ್ಮೆ. ಮತ್ತೂ ಸರಿ ಬಂದ್ರೆ ಮೂರಕ್ಕೆ, ವಾರಕ್ಕೊಮ್ಮೆ. ತಪ್ಪಿದ್ರೆ ವಾಪಸ್ ಒಂದಕ್ಕೆ. ಚೀಟಿ ಹಾಕೋದು, ತೆಗೆಯೋದು, ದಾಟಿಸೋದು ಎಲ್ಲಾ ಮಗುನೇ ಮಾಡ್ಲಿ, "ನಂದು ಮೂರಕ್ಕೆ ಹೋಯ್ತು" ಅನ್ನೋದೇ ಅವ್ರಿಗೆ ದೊಡ್ಡ ಬಹುಮಾನ, ಸ್ಟಾರ್ ಸ್ಟಿಕ್ಕರ್ ಏನೂ ಬೇಡ. ಚೀಟಿ ಹಿಂದೆ ಕನ್ನಡ ಅರ್ಥ ಬರೆಯೋದಕ್ಕಿಂತ ಆ ಶಬ್ದ ಬಂದ ಆಟ ಯಾವ್ದು ಅಂತ ಒಂದು ಗೀಟು ಚಿತ್ರ ಹಾಕ್ಲಿ.

ಹಳೇ ಶಬ್ದ ತಿರುಗಿ ಬರೋಕೆ ಕುಂಟೆಬಿಲ್ಲೆನೂ ಚಲೋ. ಮನೆಗಳಲ್ಲಿ ಚಿತ್ರ ಬರೆದು, ಬಿಲ್ಲೆ ಬಿದ್ದ ಮನೆಯ ಚಿತ್ರಕ್ಕೆ ಒಂದು ವಾಕ್ಯ ಹೇಳಿ ಕುಂಟ್ಬೇಕು. ಬರೀ "ಡಾಗ್" ಅಂದ್ರೆ ಔಟ್, "ದ ಡಾಗ್ ಈಸ್ ರನ್ನಿಂಗ್" ಅಂದ್ರೆ ಮುಂದೆ. ಮಳೆ ಇದ್ರೆ ಒಳಗೆ ನೆಲದ ಮೇಲೆ ಸೀಮೆಸುಣ್ಣ.

ಪ್ರಶ್ನೆ: ಕುಮಟಾದಿಂದ ಬರೀತಾ ಇದೀನಿ. ನಾನು ಓದಿದ್ದು ಕನ್ನಡ ಮೀಡಿಯಂ, ನನ್ನ ಉಚ್ಚಾರ ಸರಿ ಇಲ್ಲ. ನಾನು ಹೇಳ್ಕೊಟ್ಟು ಮಗನದ್ದೂ ಹಾಳಾಗೋದು ಬೇಡ ಅಂತ ಮೊಬೈಲ್ ಆಪ್ ಹಾಕ್ಕೊಟ್ಟಿದೀನಿ, ಸರಿನಾ?

ಉತ್ತರ: ಆಪ್ ಒಂದೇ ಆದ್ರೆ ಸಾಲ್ದು. ಅದ್ರಲ್ಲಿ ಮಗು ಚಿತ್ರ ಒತ್ತುತ್ತೆ, ಟಿಣ್ ಅನ್ನುತ್ತೆ, ಮುಂದಕ್ಕೆ ಹೋಗುತ್ತೆ, ಬಾಯಿ ಬಿಡೋದೇ ಇಲ್ಲ. ಮೇಲೆ ಅಕ್ಕೋರಿಗೆ ಹೇಳಿದ ಥರ್ಮಾಕೋಲ್ ತೋಟದ್ದೇ ಕಥೆ, ಚಾರ್ಜರ್ ಸಮೇತ. ನಿಮ್ಮ ಉಚ್ಚಾರದ ಭಯ ಬಿಡಿ, ಮಗು ಶಾಲೇಲಿ ಟಿವಿಲಿ ಬೇರೆ ಧ್ವನಿ ಕೇಳೇ ಕೇಳುತ್ತೆ, ನಿಮ್ಮದೊಂದೇ ಹಿಡ್ಕೊಂಡು ಕೂರಲ್ಲ. ಅನುಮಾನ ಬಂದ ಶಬ್ದನ ಮೊಬೈಲಲ್ಲೇ ಒತ್ತಿ ಇಬ್ಬರೂ ಒಟ್ಟಿಗೆ ಕೇಳಿ. ಅಪ್ಪನೂ ಕಲೀತಿದಾರೆ ಅಂತ ಗೊತ್ತಾದ್ರೆ ಅವ್ನಿಗೆ ಇನ್ನೂ ಹುರುಪು.

ಮೊಬೈಲನ್ನ ಇನ್ನೊಂದು ಕೆಲಸಕ್ಕೆ ಬಳಸಿ. ಸಂಜೆ ಮಗನ ಕೈಗೆ ಕ್ಯಾಮೆರಾ ಕೊಟ್ಟು ಮನೆ ಸುತ್ತ ಐದು ಫೋಟೋ ತೆಗಿ ಅನ್ನಿ, ಹತ್ತಿರದಿಂದ ತೆಗೀಬೇಕು, ಏನು ಅಂತ ಪೂರ್ತಿ ಕಾಣ್ಬಾರ್ದು. ಆಕಳ ಕಿವಿ, ಬಾವಿ ಹಗ್ಗ, ಹಲಸಿನಕಾಯಿ ಮುಳ್ಳು, ಅಜ್ಜಿ ಬಳೆ, ಹೀಗೆ. ರಾತ್ರಿ ಊಟ ಆದ್ಮೇಲೆ ಮನೆಯವ್ರೆಲ್ಲಾ ಸೇರಿ ಇಂಗ್ಲಿಷಲ್ಲೇ ಊಹೆ ಮಾಡ್ಬೇಕು, "ಈಸ್ ಇಟ್ ಎ ಕೌ?", "ಈಸ್ ಇಟ್ ಎ ರೋಪ್?", ಅವ್ನು "ಯೆಸ್ ಇಟ್ ಈಸ್", "ನೋ ಇಟ್ ಈಸಂಟ್" ಅಂತ ಉತ್ತರ ಕೊಡ್ಬೇಕು. ಅಜ್ಜಿಗೆ ಇಂಗ್ಲಿಷ್ ಬರ್ದಿದ್ರೆ ಕನ್ನಡದಲ್ಲೇ ಕೇಳ್ಲಿ, ಮೊಮ್ಮಗ ಅದನ್ನ ಇಂಗ್ಲಿಷ್ ಮಾಡಿ ಉತ್ತರ ಹೇಳ್ಲಿ. ಇದು ಒಂದು ವಾರ ನಡೆದ್ಮೇಲೆ ಹೇಗಾಯ್ತು ಅಂತ ಬರೀರಿ, ಮುಂದಿನ ಹಂತ ಆಗ ಹೇಳ್ತೇನೆ.