ನನ್ನ ಮಾದರಿ ರೈಲು ಲೇಔಟ್ ಆಟದ ಸಾಮಾನಿನ ಹಾಗೆ ಕಾಣುತ್ತೆ. ನಿಜವಾದ ಊರು-ಗುಡ್ಡದ ಹಾಗೆ ಕಾಣಬೇಕಾದರೆ ಇನ್ನೇನು ಸೇರಿಸಬೇಕು?

ನಿಮ್ಮ ಪ್ರಶ್ನೆಯ ಒಂದು ಸಾಲು ಓದಿ ನಗು ಬಂತು. "ಎಲ್ಲಾ ಹಾಕಿದ್ದೀನಿ, ಆದರೂ ಆಟದ ಸಾಮಾನಿನ ಹಾಗೇ ಕಾಣುತ್ತೆ." ನನ್ನ ಮೊದಲ ಲೇಔಟ್ ಮುಗಿದ ರಾತ್ರಿ ನಾನೂ ಇದನ್ನೇ ಹೇಳಿದ್ದೆ. ನೀವು ಕೊಟ್ಟ ವಿವರ ಇಷ್ಟು: ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್, ಅದರ ಮೇಲೆ ಎಚ್‌ಓ (ನಿಜದ 87ರಲ್ಲಿ ಒಂದು ಪಾಲಿನ ಅಳತೆ) ಹಳಿಯ ಒಂದು ಉದ್ದನೆಯ ಸುತ್ತು, ಒಂದು ಸೈಡಿಂಗ್ (ಬೋಗಿ ನಿಲ್ಲಿಸುವ ಪಕ್ಕದ ಹಳಿ), ಹಲಗೆಗೆಲ್ಲ ಹಸಿರು ಬಣ್ಣ, ಅಲ್ಲಲ್ಲಿ ಕೊಂಡು ತಂದ ಮರಗಳು. ಇನ್ನೂ ಯಾವ ಮರ, ಯಾವ ಮನೆ ತಂದು ಅಂಟಿಸಲಿ ಅಂತ ಕೇಳಿದ್ದೀರಿ. ಜೊತೆಗೆ ಸುರಂಗ ಬೇಕೇ ಬೇಕು ಅಂತ ಮಗಳ ಹಠ.

ಸದ್ಯಕ್ಕೆ ಏನನ್ನೂ ತರಬೇಡಿ. ಮರ ಕಮ್ಮಿಯಾಗಿಲ್ಲ, ನಿಮ್ಮ ಹಲಗೆಯ ಮೇಲೆ ನೆಲವೇ ಇಲ್ಲ.

ನಿಜವಾದ ರೈಲು ಬರುವ ಎಷ್ಟೋ ಕಾಲ ಮೊದಲೇ ನೆಲ ಅಲ್ಲಿತ್ತು. ಗುಡ್ಡ ಅಡ್ಡ ಬಂದ ಕಡೆ ಕಡಿದರು, ತಗ್ಗು ಬಂದ ಕಡೆ ಮಣ್ಣು ತುಂಬಿ ಏರಿ ಕಟ್ಟಿದರು, ಹಳ್ಳ ಬಂದ ಕಡೆ ಸೇತುವೆ ಹಾಕಿದರು. ನಾವು ಮಾಡೋದು ಪೂರ್ತಿ ತಿರುಗುಮುರುಗು. ಮೊದಲು ಹಳಿ ಜೋಡಿಸಿ, ಮಿಕ್ಕ ಜಾಗದಲ್ಲಿ ಒಂದು ಗುಡ್ಡ ತಂದಿಡುತ್ತೇವೆ. ಅದು ಬೋರಲು ಹಾಕಿದ ಬಟ್ಟಲಿನ ಹಾಗೆ ಕೂತಿರುತ್ತೆ. ಹೊರಗೆ ನಿಜವಾದ ಹಳಿಯ ಪಕ್ಕ ನಿಂತು ನೋಡಿ: ಒಂದು ಬದಿಯಲ್ಲಾದರೂ ನೆಲ ಹಳಿಗಿಂತ ಕೆಳಕ್ಕೆ ಇಳಿದಿರುತ್ತೆ, ಕಡೇ ಪಕ್ಷ ನೀರು ಹರಿಯುವ ಒಂದು ಚರಂಡಿಯಷ್ಟಾದರೂ. ನಿಮ್ಮ ಹಲಗೆಯಲ್ಲಿ ಹಳಿಗಿಂತ ತಗ್ಗಾದ ಜಾಗ ಒಂದಿಂಚೂ ಇಲ್ಲ. ಆಟಿಕೆ ಅನ್ನಿಸೋದು ಅಲ್ಲೇ.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಂಡು ಹಳಿ ಬಿಚ್ಚಿ. ಹಲಗೆಯ ತುಂಬ 50 ಮಿ.ಮೀ. ದಪ್ಪದ ಗಟ್ಟಿ ಫೋಮ್ ಶೀಟ್ ಹಾಸಿ ಅಂಟಿಸಿ. ಕಟ್ಟಡಗಳಲ್ಲಿ ಶಾಖ ತಡೆಯೋಕೆ ಬಳಸುತ್ತಾರಲ್ಲ, ಗುಲಾಬಿ ಇಲ್ಲವೇ ನೀಲಿ ಬಣ್ಣದಲ್ಲಿ ಬರುವ ಒತ್ತಾದ ಶೀಟು, ಅದು. ಬಿಳಿ ಥರ್ಮೋಕೋಲ್ ಕೂಡ ನಡೆಯುತ್ತೆ, ಆದರೆ ಕೊಯ್ದರೆ ಉದುರುವ ಕಾಳು ಮನೆ ತುಂಬ ಹಾರಾಡಿ ಕೊನೆಗೆ ಇಂಜಿನ್ನಿನ ಗೇರಿನೊಳಗೂ ಸೇರುತ್ತೆ. ಎರಡಕ್ಕೂ ಸಾಲ್ವೆಂಟ್ (ಥಿನ್ನರ್‌ನಂಥ ದ್ರಾವಕ) ಇರುವ ಅಂಟು, ಸ್ಪ್ರೇ ಪೇಂಟ್ ತಾಗಿಸಬೇಡಿ, ಕರಗಿ ಗುಳಿ ಬೀಳುತ್ತೆ. ಮರಗೆಲಸದ ಬಿಳಿ ಗೋಂದು, ನೀರಲ್ಲಿ ಕಲೆಸುವ ಬಣ್ಣ, ಇವಿಷ್ಟೇ ಸಾಕು.

ಈಗ ಹಳಿಯನ್ನು ಫೋಮ್ ಮೇಲೆ ಮತ್ತೆ ಜೋಡಿಸಿ. ಇಡೀ ಸುತ್ತು ಒಂದೇ ಸಮನಾಗಿ ಐದು ಸೆಂಟಿಮೀಟರ್ ಮೇಲೆದ್ದಿದೆ, ಎಲ್ಲೂ ಚಡಾವು ಇಲ್ಲ, ಇಂಜಿನ್ ಮೊದಲಿನ ಹಾಗೇ ಓಡುತ್ತೆ. ಆದರೆ ಕೆಳಗೆ ಐದು ಸೆಂಟಿಮೀಟರ್ ಆಳ ನಿಮ್ಮದಾಯಿತು. ಉದ್ದನೆ ಅಲಗಿನ ಚಾಕು ತಗೊಂಡು ಹಳಿಯ ಹೊರಬದಿಯ ನೆಲವನ್ನು ಹಲಗೆಯ ಅಂಚಿನ ತನಕ ಓರೆಯಾಗಿ ಕೆತ್ತಿ. ಒಂದು ಕಡೆ ಪೂರ್ತಿ ಆಳಕ್ಕೆ ಇಳಿಸಿ ಒಂದು ಹಳ್ಳ ಮಾಡಿ, ಹಳಿಯ ಕೆಳಗಿನಿಂದಲೇ ಹಾದುಹೋಗಲಿ, ಮೇಲೊಂದು ಚಿಕ್ಕ ಸೇತುವೆ. ಕೆತ್ತಿ ತೆಗೆದ ತುಂಡುಗಳನ್ನು ಎಸೆಯಬೇಡಿ, ಒಳಬದಿಗೆ ಪೇರಿಸಿದರೆ ಅದೇ ಗುಡ್ಡ. ಒಂದು ಸಂಜೆಯ ಕೆಲಸ ಇಷ್ಟು. ಬಣ್ಣ ಬಳಿಯುವ ಮೊದಲೇ, ಬೋಳು ಗುಲಾಬಿ ಫೋಮ್ ಇರುವಾಗಲೇ, ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ಒಂದು ಸಲ ರೈಲು ಓಡಿಸಿ ನೋಡಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ.

(ಐದು ಸೆಂಟಿಮೀಟರ್ ಎತ್ತಿದ್ದಾಯ್ತು, ಹಾಗೇ ಒಂದು ಹಳಿಯನ್ನು ಇನ್ನೊಂದರ ಮೇಲೆ ಹಾಯಿಸೋಣ ಅನ್ನುವ ಆಸೆ ಬರುತ್ತೆ. ಬೇಡ. ಎಚ್‌ಓನಲ್ಲಿ ಮೇಲಿನ ಹಳಿಗೂ ಕೆಳಗಿನ ಹಳಿಗೂ ಸುಮಾರು 7.5 ಸೆಂ.ಮೀ. ಅಂತರ ಬೇಕು. ನೂರಕ್ಕೆ ಎರಡರ ಚಡಾವಿನಲ್ಲಿ ಅಷ್ಟು ಹತ್ತೋಕೆ 3.75 ಮೀಟರ್, ಇಳಿಯೋಕೆ ಮತ್ತೆ ಅಷ್ಟೇ. 18 ಇಂಚು ತ್ರಿಜ್ಯದ ತಿರುವಿಟ್ಟರೆ ನಿಮ್ಮ ಸುತ್ತಿನ ಒಟ್ಟು ಉದ್ದವೇ ನಾಲ್ಕೂವರೆ ಮೀಟರ್ ಆಸುಪಾಸು. ಲೆಕ್ಕ ಕೂರೋದಿಲ್ಲ.)

ಹಳಿ ಮತ್ತೆ ಜೋಡಿಸುವಾಗ ಇನ್ನೆರಡು ಕೆಲಸ. ಒಂದು, ಇಡೀ ಸುತ್ತನ್ನು ನಾಲ್ಕೈದು ಡಿಗ್ರಿ ವಾರೆ ಮಾಡಿ. ಹಲಗೆಯ ಅಂಚಿಗೆ ಸರಿಸಮನಾಗಿ ಹಳಿ ಓಡಿದರೆ ಕಣ್ಣಿಗೆ ಮೊದಲು ಬೀಳುವುದು ಹಲಗೆ. ಸ್ವಲ್ಪ ಓರೆಯಾದರೆ ಸಾಕು, ಹಳಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತೆ. ನಿಮ್ಮ ಅಳತೆಯಲ್ಲಿ ಅಷ್ಟು ಜಾಗ ಇದೆ. ಎರಡನೆಯದು, ಹಲಗೆಯ ನಡುವೆ ಉದ್ದಕ್ಕೂ ಒಂದು ತಡೆ ಎಬ್ಬಿಸಿ. ಉದ್ದನೆಯ ಗುಡ್ಡದ ಏಣು ಆಗಬಹುದು, ಆಕಾಶ ಬಳಿದ ತೆಳು ಹಲಗೆಯೂ ಆಗಬಹುದು. ಈಗ ನೀವು ನಿಂತ ಕಡೆಯಿಂದ ಅರ್ಧ ಸುತ್ತು ಮಾತ್ರ ಕಾಣುತ್ತೆ, ರೈಲು ಮರೆಯಾಗುತ್ತೆ, ಸ್ವಲ್ಪ ಹೊತ್ತು ಬಿಟ್ಟು ಬರುತ್ತೆ. ನಾಟಕದಲ್ಲಿ ಪಾತ್ರ ಪರದೆಯ ಹಿಂದೆ ಹೋದರೆ ಊರಿಗೆ ಹೋಗಿದ್ದಾನೆ ಅಂತ ನಾವೇ ನಂಬಿಕೊಳ್ಳುವುದಿಲ್ಲವೇ, ಹಾಗೆ. ಆಕಾಶಕ್ಕೆ ಒಂದೇ ನೀಲಿ ಬಳಿಯಬೇಡಿ, ಕೆಳಗೆ ನೆಲ ಮುಟ್ಟುವ ಕಡೆ ಬಹುತೇಕ ಬಿಳಿ ಇರಲಿ.

ಈ ನೆಲದ ಹುಚ್ಚು ನನಗೆ ಹಿಡಿದದ್ದು ಜಾನ್ ಅಲೆನ್ ಅನ್ನುವವರ ಲೇಔಟಿನ ಹಳೆಯ ಫೋಟೋಗಳಿಂದ. ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ಅವರು ಎಚ್‌ಓ ಅಳತೆಯಲ್ಲಿ ಕಟ್ಟಿದ್ದ ಗುಡ್ಡಗಳು ಕೋಣೆಯ ನೆಲದಿಂದಲೇ ಏಳುತ್ತಿದ್ದವು. ಕಣಿವೆಯ ತಳ ನೋಡಬೇಕಾದರೆ ಬಗ್ಗಬೇಕಿತ್ತು. ಜಾಗ ದೊಡ್ಡದಾಗಿ ಕಾಣಲಿ ಅಂತ ಅಲ್ಲಲ್ಲಿ ಕನ್ನಡಿ ಕೂಡ ಅಡಗಿಸಿಟ್ಟಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟ್ ಬಹುಪಾಲು ಸುಟ್ಟುಹೋಯಿತು. ಉಳಿದಿರುವುದು ಫೋಟೋಗಳು. ಅವುಗಳಲ್ಲಿ ಹಳಿಯನ್ನು ಬೆರಳಿಂದ ಮುಚ್ಚಿ ನೋಡಿ, ನೆಲ ಆಗಲೂ ನಿಜವಾಗಿಯೇ ಕಾಣುತ್ತೆ.

ಈಗ ಅಳತೆ. ಎಚ್‌ಓ ಅಂದರೆ 1:87. 170 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರಿಗೂ ಒಂದು ಕೂದಲೆಳೆ ಕಮ್ಮಿ. ಇದು ಎಲ್ಲರಿಗೂ ಗೊತ್ತು. ಮರದ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಮರೆಯುತ್ತಾರೆ. ಇಪ್ಪತ್ತು ಮೀಟರ್ ಎತ್ತರದ ಸಾಧಾರಣ ಮರ 23 ಸೆಂ.ಮೀ. ಬರಬೇಕು. ಪೊಟ್ಟಣದಲ್ಲಿ ಸಿಗುವವು ಹೆಚ್ಚಾಗಿ ಅದರ ಅರ್ಧವೂ ಇರುವುದಿಲ್ಲ. ನಿಮ್ಮ ಹತ್ತಿರ ಇರುವ ಮರಗಳನ್ನು ಬಿಸಾಡಬೇಡಿ, ಗುಡ್ಡದ ತುದಿಗೆ, ಹಿಂದಕ್ಕೆ ನೆಡಿ, ದೂರ ಇರುವ ಹಾಗೆ ಕಾಣುತ್ತೆ. ಮುಂದಕ್ಕೆ ಎರಡೇ ಎರಡು ದೊಡ್ಡ ಮರ ನೀವೇ ಮಾಡಿ. ಹಲವು ಎಳೆಗಳ ತಾಮ್ರದ ವೈರು ತಗೊಂಡು ಮೇಲಿನ ಪ್ಲಾಸ್ಟಿಕ್ ಸುಲಿದು, ಎಲ್ಲಾ ಎಳೆ ಸೇರಿಸಿ ಹೊಸೆದರೆ ಕಾಂಡ, ಮೇಲೆ ಹೋದ ಹಾಗೆ ಎರಡು, ಮೂರು ಎಳೆ ಬಿಡಿಸಿಕೊಂಡು ಹೊಸೆದರೆ ಕೊಂಬೆ. ಗೋಂದು ಬೆರೆಸಿದ ಬಣ್ಣ ದಪ್ಪಗೆ ಬಳಿದರೆ ತೊಗಟೆ. ಎಲೆಗೆ ಬಣ್ಣ ಹಾಕಿದ ಸ್ಪಂಜಿನ ಪುಡಿ.

ಬಣ್ಣದ ವಿಷಯದಲ್ಲಿ ಹಸಿರು ಡಬ್ಬಿ ಮುಚ್ಚಿಡಿ. ಮೊದಲು ಎಲ್ಲಾ ಕಡೆ ಮಣ್ಣಿನ ಬಣ್ಣ, ಹೊಳಪಿಲ್ಲದ್ದು. ಒದ್ದೆ ಬಣ್ಣದ ಮೇಲೆ ನಿಜವಾದ ಮಣ್ಣನ್ನೇ ಉದುರಿಸಿ, ಅದಕ್ಕಿಂತ ಒಳ್ಳೆಯ ಸಾಮಾನು ಯಾರೂ ಮಾಡಿ ಮಾರುವುದಿಲ್ಲ. ಚೆನ್ನಾಗಿ ಒಣಗಿಸಿ, ಅತಿ ನುಣ್ಣನೆಯ ಜರಡಿ ಹಿಡಿಯಿರಿ. ಆಮೇಲೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನೊಳಗೆ ನಾಲ್ಕು ಸಲ ಆಡಿಸಿ. ಕಪ್ಪಗೆ ಮೀಸೆ ಬೆಳೆದ ಹಾಗೆ ಏನೋ ಹಿಡಿದುಕೊಂಡು ಬರುತ್ತೆ. ಅದು ಕಬ್ಬಿಣದ ಅಂಶ. ತೆಗೆಯದೆ ಬಿಟ್ಟರೆ ಇಂಜಿನ್ನಿನ ಮೋಟಾರಿನಲ್ಲಿರುವ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತೆ. ಹಸಿರು ಬರಬೇಕಾದದ್ದು ಇದರ ಮೇಲೆ, ಮೂರು ನಾಲ್ಕು ಛಾಯೆಯಲ್ಲಿ, ತೇಪೆ ತೇಪೆಯಾಗಿ, ಮಧ್ಯೆ ಒಣಹುಲ್ಲಿನ ಹಳದಿ ಬೆರೆತು. ಹುಲ್ಲು ನೆಟ್ಟಗೆ ನಿಲ್ಲಬೇಕು ಅಂದರೆ ಸ್ಟಾಟಿಕ್ ಗ್ರಾಸ್ ಯಂತ್ರ ಬೇಕು: ಅದು ವಿದ್ಯುತ್ ಸೆಳೆತ ಹುಟ್ಟಿಸಿ ನೈಲಾನ್ ಎಳೆಗಳನ್ನು ಹಸಿ ಗೋಂದಿನ ಮೇಲೆ ಎದ್ದು ನಿಲ್ಲಿಸುತ್ತೆ. 2 ಮಿ.ಮೀ., 4 ಮಿ.ಮೀ. ಎಳೆ ಬೆರೆಸಿ ಹಾಕಿ. ಮೊದಲ ಲೇಔಟಿಗೆ ಇದು ಇಲ್ಲದಿದ್ದರೂ ಏನೂ ಮುಳುಗಿಹೋಗುವುದಿಲ್ಲ.

ಹಳಿಯ ಕೆಳಗಿನ ಜಲ್ಲಿ ಮಾತ್ರ ಬಿಡಬೇಡಿ. ಇದು ಬೇಜಾರಿನ ಕೆಲಸ, ಮಂಡಿ ಹಿಡಿದುಕೊಳ್ಳುತ್ತೆ, ಆದರೆ ಲೇಔಟಿನ ಮರ್ಯಾದೆ ಉಳಿಸುವುದು ಇದೇ. ನಿಜವಾದ ಜಲ್ಲಿ ಮೂರರಿಂದ ಆರು ಸೆಂಟಿಮೀಟರ್ ಗಾತ್ರದ್ದು ಅಂತಿಟ್ಟುಕೊಂಡರೆ ನಮ್ಮ ಅಳತೆಗೆ ಅರ್ಧ ಮಿಲಿಮೀಟರ್ ಆಚೀಚೆ. ಒಂದು ಮಿಲಿಮೀಟರಿನ ಮರಳು ಹಾಕಿದಿರೋ, ಹಳಿಯ ನಡುವೆ ಕ್ರಿಕೆಟ್ ಚೆಂಡಿಗಿಂತ ದಪ್ಪದ ಕಲ್ಲು ಸುರಿದ ಹಾಗಾಯಿತು. ಜಲ್ಲಿ ಹಾಕುವ ಮೊದಲು ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು ಬಳಿದು, ಮೇಲ್ಭಾಗ ಒರೆಸಿಬಿಡಿ. ಜಲ್ಲಿಯನ್ನು ಒಣಗಿರುವಾಗಲೇ ಮೆತ್ತನೆ ಬ್ರಷ್‌ನಿಂದ ಪೂರ್ತಿ ಸರಿಮಾಡಿ, ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಮೇಲೆ ಒಂದು ಕಾಳೂ ಉಳಿಯದ ಹಾಗೆ. ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಸೋಪು ಯಾಕೆ ಅಂದರೆ, ಬರೀ ನೀರು ಜಲ್ಲಿಯೊಳಗೆ ಇಳಿಯದೆ ಮಣಿಮಣಿಯಾಗಿ ಉರುಳುತ್ತೆ, ಉರುಳುವಾಗ ಕಲ್ಲನ್ನೂ ಹೊತ್ತುಕೊಂಡು ಹೋಗುತ್ತೆ. ಆಮೇಲೆ ಬಿಳಿ ಗೋಂದಿಗೆ ಅಷ್ಟೇ ನೀರು ಬೆರೆಸಿ, ಸಿರಿಂಜಿನಿಂದ ಹಳಿಯ ನಡುವೆ ಹನಿ ಹನಿಯಾಗಿ ಬಿಡಿ. ಹಾಲಿನ ಹಾಗೆ ಬೆಳ್ಳಗೆ ಕಾಣುತ್ತೆ, ಗಾಬರಿ ಬೇಡ, ಬೆಳಗ್ಗೆ ಹೊತ್ತಿಗೆ ಒಣಗಿ ಮಾಯ.

ಪಾಯಿಂಟ್, ಅಂದರೆ ಒಂದು ಹಳಿಯಿಂದ ಇನ್ನೊಂದು ಕವಲೊಡೆಯುವ ಜಾಗ, ಅದರ ಹತ್ತಿರ ಹುಷಾರು. ನಾನು ಮೊದಲ ಸಲ ಪಾಯಿಂಟಿನ ಮೇಲೂ ಅದೇ ಉತ್ಸಾಹದಲ್ಲಿ ಗೋಂದು ಬಿಟ್ಟು ಮಲಗಿದೆ. ಬೆಳಗ್ಗೆ ಸರಿಯುವ ಹಳಿ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಜೋರು ಮಾಡಿದೆ, ಮುರಿಯಿತು. ಆ ಮೇಲೆ ತಿಳಿದದ್ದು, ಒದ್ದೆ ಬಟ್ಟೆ ಹೊದಿಸಿ ಒಂದು ರಾತ್ರಿ ಬಿಟ್ಟಿದ್ದರೆ ಗೋಂದು ಮೆತ್ತಗಾಗಿ ತಾನೇ ಬಿಟ್ಟುಕೊಡುತ್ತಿತ್ತು. ಈಗ ಪಾಯಿಂಟಿನ ಚಲಿಸುವ ಭಾಗದ ಸುತ್ತ ಜಲ್ಲಿಯನ್ನು ಒಂದೇ ಪದರ, ಚಿಮಟಿಯಲ್ಲಿ ಇಡುತ್ತೇನೆ. ಗೋಂದು ಹಚ್ಚುವುದು ಸೂಜಿಯ ತುದಿಯಿಂದ.

ಹಳ್ಳದ ನೀರಿಗೆ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ) ಸುರಿಯುವುದಾದರೆ ತೆಳ್ಳಗೆ, ಪದರ ಪದರವಾಗಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಒಮ್ಮೆಲೇ ದಪ್ಪಗೆ ಸುರಿದರೆ ಕಾಯ್ದುಕೊಂಡು ಬಿರುಕು ಬಿಡುತ್ತೆ. ಹಲಗೆಯ ಅಂಚಿನಲ್ಲಿ ಕಟ್ಟೆ ಭದ್ರ ಇದೆಯೇ ಅಂತ ಮೂರು ಸಲ ನೋಡಿ. ನಾನು ಬರೀ ಮಾಸ್ಕಿಂಗ್ ಟೇಪ್ ನಂಬಿದ್ದೆ. ನನ್ನ ನದಿ ರಾತ್ರೋರಾತ್ರಿ ಇಳಿದು ಕೋಣೆಯ ನೆಲಕ್ಕೆ ಹೋಗಿ ಅಲ್ಲಿ ಗಟ್ಟಿಯಾಯಿತು, ಇವತ್ತಿಗೂ ಅಲ್ಲೇ ಇದೆ, ಮೇಲೊಂದು ಚಾಪೆ ಹಾಸಿದ್ದೇನೆ. ಭಯ ಅನ್ನಿಸಿದರೆ ತಳಕ್ಕೆ ನಡುವೆ ಕಪ್ಪು ಹಸಿರು, ದಡದ ಕಡೆ ಮಣ್ಣಿನ ಬಣ್ಣ ಬಳಿದು, ಮೇಲೆ ನಾಲ್ಕು ಕೈ ಹೊಳಪಿನ ವಾರ್ನಿಷ್ ಹಚ್ಚಿ. ಚಿಕ್ಕ ಹಳ್ಳಕ್ಕೆ ಅಷ್ಟೇ ಸಾಕು.

ಕೊನೆಗೆ ಮಗಳ ಸುರಂಗ. ಖಂಡಿತ ಮಾಡಿ, ಆದರೆ ಬೋರಲು ಬಟ್ಟಲಿನ ಗುಡ್ಡಕ್ಕೆ ತೂತು ಕೊರೆದ ಹಾಗೆ ಬೇಡ. ನಡುವೆ ಎಬ್ಬಿಸಿದ ಏಣು ಹಲಗೆಯ ಒಂದು ತುದಿಗೆ ಮುಟ್ಟುವ ಕಡೆ, ತಿರುವಿನಲ್ಲಿ, ರೈಲು ಅದರೊಳಗೆ ಹೋಗಲಿ. ಸುರಂಗದ ಬಾಯಿ ಗುಡ್ಡದ ಮೈಯಲ್ಲೇ ಥಟ್ಟನೆ ಶುರುವಾಗದೆ, ಮೊದಲು ಒಂದಿಷ್ಟು ದೂರ ಎರಡೂ ಕಡೆ ಕಡಿದ ಬಂಡೆಯ ಗೋಡೆ ಇರಲಿ. ತಿರುವಿನಲ್ಲಿ ಉದ್ದನೆ ಬೋಗಿಯ ಮೂಲೆ ಹೊರಕ್ಕೆ ಚಾಚುತ್ತೆ, ಹೊಟ್ಟೆ ಒಳಕ್ಕೆ ಬರುತ್ತೆ. ಹಾಗಾಗಿ ಗೋಡೆ ಅಂಟಿಸುವ ಮುಂಚೆ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಲ್ಲೇ ತಳ್ಳಿ ನೋಡಿ. ಬಂಡೆಗೆ ಅಲ್ಯೂಮಿನಿಯಂ ಹಾಳೆ ಮುದುಡಿ ಬಿಡಿಸಿ, ಅದರೊಳಗೆ ಪ್ಲಾಸ್ಟರ್ ಸುರಿದು ಎರಕ ತೆಗೆಯಿರಿ. ಮಗಳಿಗೆ ಈ ಕೆಲಸ ಕೊಡಿ, ಮಕ್ಕಳು ನಮಗಿಂತ ಚೆನ್ನಾಗಿ ಮುದುಡುತ್ತಾರೆ. ತೆಳು ಮಾಡಿದ ಹಳದಿ ಮಣ್ಣಿನ ಬಣ್ಣ ಅಲ್ಲಲ್ಲಿ ಚುಕ್ಕೆ, ಕಂದು ಅಲ್ಲಲ್ಲಿ ಚುಕ್ಕೆ, ಕೊನೆಗೆ ಇಡೀ ಬಂಡೆಯ ಮೇಲೆ ನೀರು ನೀರಾದ ಕಪ್ಪು. ಹಸಿ ಇರುವಾಗ ಕೆಟ್ಟುಹೋಯಿತು ಅನ್ನಿಸುತ್ತೆ, ಒಣಗಿದ ಮೇಲೆ ತಿಳಿಯಾಗುತ್ತೆ.

ಮತ್ತೆ ಸುರಂಗದ ಹಿಂಬದಿಯಲ್ಲಿ, ಹಲಗೆಯ ಅಂಚಿಗೆ, ನಿಮ್ಮ ಕೈ ಮೊಣಕೈ ತನಕ ಹೋಗುವಷ್ಟು ದೊಡ್ಡ ಕಿಂಡಿ ಬಿಡಿ. ರೈಲು ಬಯಲಲ್ಲಿ ಹತ್ತು ಸಾವಿರ ಸುತ್ತು ತಪ್ಪದೆ ಓಡಿದರೂ, ಹಳಿ ತಪ್ಪುವ ದಿನ ಸುರಂಗದ ಒಳಗೇ ತಪ್ಪುತ್ತೆ. ನನ್ನ ಮೊದಲ ಸುರಂಗಕ್ಕೆ ಕಿಂಡಿ ಇರಲಿಲ್ಲ. ಬಟ್ಟೆ ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ, ತುದಿಗೆ ಕೊಕ್ಕೆ ಬಗ್ಗಿಸಿ, ನೆಲದ ಮೇಲೆ ಮಲಗಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎರಡು ಬೋಗಿ ಎಳೆದು ತೆಗೆದೆ. ಮೂರನೆಯದಕ್ಕೆ ಗುಡ್ಡವನ್ನೇ ಒಡೆಯಬೇಕಾಯಿತು.