ಬರ್ಲಿನ್ ಬಾಡಿಗೆ ಕಟ್ಟಿಕೊಂಡೇ ಹಕ್ಕಿ ಫೋಟೋ: ಲೆನ್ಸ್ ಮಾರಬೇಡಿ, ಕರಾರು ಕಡಿಮೆ ಮಾಡಿ

ಶಿರಾದಿಂದ ಬರ್ಲಿನ್‌ಗೆ ಬಂದು ಮೂರು ತಿಂಗಳಾಯ್ತು, ಮನೇಲಿ ಗಂಡ ಹೆಂಡತಿ ಇಬ್ಬರೇ, ಒಬ್ಬರದೇ ಸಂಬಳ, ಅದರಲ್ಲಿ ಅರ್ಧದ ಹತ್ತಿರ ಬಾಡಿಗೆಗೇ ಹೋಗ್ತಿದೆ ಅಂತ ಬರೆದಿದ್ದೀರಿ. ಶಿರಾ ಹತ್ತಿರದ ಕಗ್ಗಲಡಿನ ಹುಣಸೆಮರಗಳಲ್ಲಿ ಗೂಡು ಕಟ್ಟೋ ಬಣ್ಣದ ಕೊಕ್ಕರೆಗಳಿಂದ ಹತ್ತಿದ ಹವ್ಯಾಸ, ನಿಕಾನ್ ಡಿ7200 ಮತ್ತು 70-300 ಲೆನ್ಸ್, ಇದನ್ನೆಲ್ಲ ಮಾರಿ ಸುಮ್ಮನಾಗಲಾ ಅಂತ ಕೇಳಿದ್ದೀರಿ. ಮಾರಬೇಡಿ. ನಾನೂ ತುಮಕೂರಿನವನೇ, ಇಲ್ಲಿ ನೆಲೆನಿಂತವನು. ಮನೆ ಖರ್ಚಲ್ಲಿ ದುಡ್ಡು ಎಲ್ಲಿ ಸೋರುತ್ತೆ ಅಂತ ಗೊತ್ತಾದರೆ ಒಂದು ಸಂಬಳದಲ್ಲೂ ಈ ಹವ್ಯಾಸ ನಡೆಸಬಹುದು.

ಹೊಸದಾಗಿ ಬಂದವರು ಕೈ ಬಿಗಿ ಹಿಡಿಯೋದು ಕಾಫಿ, ಹೋಟೆಲ್ ಊಟದ ಮೇಲೆ. ಅಲ್ಲಿ ಉಳಿಯೋದು ಚಿಲ್ಲರೆ. ಈ ದೇಶದಲ್ಲಿ ದುಡ್ಡು ಹೋಗೋದು ಖಾತೆಯಿಂದ ತಾನಾಗಿ ಕಟ್ ಆಗೋ ಕರಾರುಗಳಲ್ಲಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು, ಪದೇಪದೇ ಬರೋ ಹೆಸರುಗಳನ್ನ ಮಾತ್ರ ಒಂದು ಹಾಳೆಗೆ ಇಳಿಸಿ. ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ಮೊದಲು ಕರೆಂಟು. ಮನೆಗೆ ಬಂದು ಸ್ವಿಚ್ ಹಾಕಿದ ಕ್ಷಣದಿಂದ ನೀವು ಆ ಏರಿಯಾದ ಮೂಲ ಕಂಪನಿಯ ಗಿರಾಕಿ. ಇದಕ್ಕೆ ಗ್ರುಂಡ್‌ಫೆರ್‌ಜೋರ್ಗುಂಗ್ ಅಂತಾರೆ, ಸಾಮಾನ್ಯವಾಗಿ ಇದೇ ದುಬಾರಿ ದರ. ಎರಡು ವಾರದ ನೋಟಿಸ್ ಕೊಟ್ಟು ಇದರಿಂದ ಹೊರಗೆ ಬರಬಹುದು, ಆ ನೋಟಿಸನ್ನೂ ಹೊಸ ಕಂಪನಿಯೇ ಕಳಿಸುತ್ತೆ. ನಿಮ್ಮ ಹತ್ತಿರ ಮೀಟರ್ ನಂಬರು, ಈಗಿನ ರೀಡಿಂಗಿನ ಫೋಟೋ ಇದ್ದರೆ ಸಾಕು. ಸ್ನಾನದ ನೀರು ಕರೆಂಟಿನಲ್ಲಿ ಕಾಯದೇ ಇದ್ದರೆ ಇಬ್ಬರ ಮನೆಗೆ ವರ್ಷಕ್ಕೆ 2000 ಯೂನಿಟ್ ಆಸುಪಾಸು ಅಂತ ಹಾಕಿ ಹೋಲಿಸಿ. ಹೋಲಿಸೋ ವೆಬ್‌ಸೈಟುಗಳಲ್ಲಿ ಬೋನಸ್ ಕಳೆದು ತೋರಿಸೋ ಬೆಲೆ ನೋಡಬೇಡಿ. ಬೋನಸ್ ತೆಗೆದುಹಾಕಿ, ಯೂನಿಟ್ ದರ ಮತ್ತು ತಿಂಗಳ ಮೂಲ ಶುಲ್ಕ ಎರಡನ್ನೇ ನೋಡಿ. ಬೋನಸ್ ಮೊದಲ ವರ್ಷಕ್ಕೆ ಮುಗಿಯುತ್ತೆ, ದರ ಮಾತ್ರ ಉಳಿಯುತ್ತೆ. ಆದ್ದರಿಂದ ಹನ್ನೊಂದನೇ ತಿಂಗಳಿಗೆ ಫೋನಿನಲ್ಲಿ ಒಂದು ಅಲಾರಂ ಇಡಿ. ವರ್ಷದ ದುಡ್ಡು ಮುಂಗಡ ಕೇಳೋ ಪ್ಯಾಕೇಜಿನ ಹತ್ತಿರ ಹೋಗಲೇಬೇಡಿ, ಕಂಪನಿ ಮುಳುಗಿದರೆ ಆ ದುಡ್ಡೂ ಮುಳುಗುತ್ತೆ.

ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೊಮ್ಮೆ 55.08. ಟಿವಿ ಇಲ್ಲ ಅಂದರೂ ಕಟ್ಟಲೇಬೇಕು. ಆದರೆ ಅದು ಮನೆಗೆ ಒಂದು, ತಲೆಗೆ ಒಂದಲ್ಲ. ನಿಮ್ಮ ಮನೆಯವರ ಹೆಸರಿಗೂ ಕಾಗದ ಬರುತ್ತೆ. ಸುಮ್ಮನಿದ್ದರೆ ಎರಡನೇ ಖಾತೆ ತೆರೆದುಬಿಡ್ತಾರೆ. ನಿಮ್ಮ ಶುಲ್ಕದ ನಂಬರು ಬರೆದು ವಾಪಸ್ ಉತ್ತರಿಸಿ. ಮೊಬೈಲಿಗೆ ಎರಡು ವರ್ಷದ ಕರಾರು ಬೇಡ, ಪ್ರೀಪೇಯ್ಡ್ ಸಾಕು. ಅದರಲ್ಲಿ ಬಹಳಷ್ಟು 4 ವಾರಕ್ಕೊಮ್ಮೆ ಕಟ್ ಆಗುತ್ತವೆ, ವರ್ಷಕ್ಕೆ 13 ಸಲ. ಲೆಕ್ಕ ಹಾಕುವಾಗ 12ರಿಂದ ಗುಣಿಸಬೇಡಿ. ಒಂದೇ ಒಂದು ಕರಾರನ್ನ ಬಿಡಬಾರದು: ಹಾಫ್ಟ್‌ಫ್ಲಿಷ್ಟ್ ಇನ್ಶೂರೆನ್ಸ್. ನಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡೋ ವಿಮೆ ಇದು, ತಿಂಗಳಿಗೆ ನಾಲ್ಕೈದು ಯೂರೋಗೆ ಸಿಗುತ್ತೆ. ನಿಮ್ಮ ಟ್ರೈಪಾಡಿಗೆ ಎಡವಿ ಯಾರಾದರೂ ಕೈ ಮುರಿದುಕೊಂಡರೆ ಅದೇ ಕಾಯೋದು.

ಹೀಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇದು ಲೆನ್ಸಿಗೂ ತಗಲುತ್ತೆ. ನೀವು ಬಾಡಿಗೆ ಜೊತೆ ಕಟ್ಟೋ ಹೀಟಿಂಗ್ ದುಡ್ಡು ಬರೀ ಮುಂಗಡ. ಕೇಂದ್ರ ಹೀಟಿಂಗ್ ಇರೋ ಕಟ್ಟಡಗಳಲ್ಲಿ ಖರ್ಚಿನ 50ರಿಂದ 70 ಪರ್ಸೆಂಟನ್ನ ಸಾಮಾನ್ಯವಾಗಿ ನೀವು ಬಳಸಿದ್ದರ ಮೇಲೆ ಹಂಚುತ್ತಾರೆ, ಆಮೇಲೆ ವರ್ಷದ ಬಿಲ್ ಬರುತ್ತೆ. ಲೆಕ್ಕದ ವರ್ಷ ಮುಗಿದು 12 ತಿಂಗಳೊಳಗೆ ಮಾಲೀಕರು ಆ ಬಿಲ್ ಕೊಡಬೇಕು. ತಡ ಮಾಡಿದರೆ ಅದು ಅವರದೇ ತಪ್ಪಾಗಿದ್ದಲ್ಲಿ ಹೆಚ್ಚಿನ ದುಡ್ಡು ಕೇಳೋ ಹಾಗಿಲ್ಲ. ರೇಡಿಯೇಟರ್ ತಿರುಗಣೆಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ, 2 ಅಂದರೆ 16ರ ಹತ್ತಿರ. 5ಕ್ಕೆ ತಿರುಗಿಸಿದರೆ ರೂಮು ಬೇಗ ಬಿಸಿ ಆಗಲ್ಲ, ನಿಲ್ಲಬೇಕಾದ ಕಡೆ ನಿಲ್ಲಲ್ಲ ಅಷ್ಟೇ. ಒಂದು ಡಿಗ್ರಿ ಇಳಿಸಿದರೆ ಹೀಟಿಂಗ್ ಖರ್ಚಲ್ಲಿ ಸುಮಾರು 6 ಪರ್ಸೆಂಟ್ ಉಳಿಯುತ್ತೆ.

ನಮ್ಮ ಅಡುಗೆಮನೆ ಹಬೆ ಜಾಸ್ತಿ: ಕುಕ್ಕರ್, ಮುದ್ದೆಗೆ ಕುದಿಯೋ ಎಸರು, ಮೇಲೆ ಒಳಗೇ ಒಣಗೋ ಬಟ್ಟೆ. ಆ ನೀರೆಲ್ಲ ಹೊರಗೋಡೆಯ ತಣ್ಣಗಿನ ಮೂಲೇಲಿ ಕೂತು ಕಪ್ಪು ಬೂಷ್ಟು ಹಿಡಿಯುತ್ತೆ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳೋಕೆ ಕಾರಣವಾಗುತ್ತೆ. ಕಿಟಕಿ ಇಡೀ ದಿನ ಓರೆ ತೆಗೆದಿಡೋದು ಪರಿಹಾರ ಅಲ್ಲ. ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚೇ ಆಗುತ್ತೆ. ರೇಡಿಯೇಟರ್ ಮುಚ್ಚಿ, ಎದುರುಬದುರು ಕಿಟಕಿಗಳನ್ನ ಪೂರ್ತಿ ತೆಗೆದು 5ರಿಂದ 10 ನಿಮಿಷ, ದಿನಕ್ಕೆ ಮೂರು ಸಲ. ಬೀರು ಹೊರಗೋಡೆಯಿಂದ ನಾಲ್ಕು ಬೆರಳಷ್ಟು ದೂರ ಇರಲಿ. ತೇವ ತೋರಿಸೋ ಮೀಟರು ಹತ್ತು ಯೂರೋಗೆ ಸಿಗುತ್ತೆ, ಅದು 40ರಿಂದ 60ರ ಒಳಗಿರಬೇಕು. ಗೋಡೆಗೆ ಬೂಷ್ಟು ಹಿಡಿಯೋ ಮನೇಲಿ ಲೆನ್ಸಿನೊಳಗೂ ಫಂಗಸ್ ಬರುತ್ತೆ. ಅದನ್ನ ಬಿಚ್ಚಿ ತೊಳೆಸೋ ಖರ್ಚು ಲೆನ್ಸಿನ ಬೆಲೆಗೇ ಹತ್ತಿರ ಹೋಗಬಹುದು. ಚಳಿಗಾಲದಲ್ಲಿ ಹೊರಗಿಂದ ಬಂದ ತಕ್ಷಣ ಕ್ಯಾಮೆರಾ ಬ್ಯಾಗಿನ ಜಿಪ್ ತೆಗೆಯಬೇಡಿ. ಎರಡು ಗಂಟೆ ಮುಚ್ಚೇ ಇರಲಿ, ಇಲ್ಲದಿದ್ದರೆ ಗಾಜಿನ ಮೇಲೆ, ಕೆಲವೊಮ್ಮೆ ಒಳಗೂ, ನೀರು ಕೂರುತ್ತೆ. ಮೆಮೊರಿ ಕಾರ್ಡನ್ನ ಹೊರಗಡೆಯೇ ತೆಗೆದುಕೊಂಡುಬಿಡಿ.

ದಿನಸಿ ಬಗ್ಗೆ ಉದ್ದ ಹೇಳೋದೇನಿಲ್ಲ. ಹಾಲು, ತರಕಾರಿಗೆ ಆಲ್ಡಿ, ಲಿಡ್ಲ್ ಅನ್ನೋ ಅಗ್ಗದ ಸೂಪರ್ ಮಾರ್ಕೆಟ್ಟುಗಳು. ಬೆಲೆ ಚೀಟಿಯಲ್ಲಿ ಸಣ್ಣಕ್ಷರದ ಕಿಲೋ ದರ ನೋಡಿ. ಮೊಸರಿಗೆ ಟರ್ಕಿ ಅಂಗಡಿಯ 1 ಕಿಲೋ ಡಬ್ಬ, ಬಸ್ಸಾರಿಗೆ ಫ್ರೋಜನ್ ಪಾಲಕ್. ತೆಂಗಿನಕಾಯಿ ಬದಲು ಒಣ ತುರಿ ತಂದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಿದರೆ ಸಾರಿಗೆ ಸಾಕು. ಅವರೆಕಾಳು ಬೇಕು ಅನ್ನಿಸಿದರೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಬರೆದಿರೋ ಪ್ಯಾಕೆಟ್ ತಗೊಳ್ಳಿ. ಪಕ್ಕದಲ್ಲೇ ಇರೋ ತುವರ್ ಲಿಲ್ವಾ ಹಸಿ ತೊಗರಿ, ಅವರೆ ಅಲ್ಲ. ನಲ್ಲಿ ನೀರು ಕುಡಿಯೋಕೆ ಚೆನ್ನಾಗಿದೆ, ಬಾಟಲಿ ಹೊರಬೇಡಿ. ಅಕ್ಕಿ, ಬೇಳೆ, ರಾಗಿಹಿಟ್ಟು ಎರಡು ಮೂರು ಮನೆಯವರು ಸೇರಿ ದೊಡ್ಡ ಚೀಲ ತರಿಸಿ ಹಂಚಿಕೊಳ್ಳೋದು ಎಲ್ಲಕ್ಕಿಂತ ಅಗ್ಗ.

ಕಾರಿನ ಯೋಚನೆ ಬಿಡಿ, ದೇಶದ ಎಲ್ಲ ಕಡೆ ಸಿಟಿ ಬಸ್ಸು, ಮೆಟ್ರೋ, ಲೋಕಲ್ ರೈಲಿಗೆ ನಡೆಯೋ ತಿಂಗಳ ಪಾಸ್ ಇದೆ. ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರಿಂದ 63 ಆಗಿದೆ. ಆಫೀಸಿನವರು ಕನಿಷ್ಠ 25 ಪರ್ಸೆಂಟ್ ಹಾಕಿದರೆ ಟಿಕೆಟಿನ ಮೇಲೆ ಇನ್ನೂ 5 ಪರ್ಸೆಂಟ್ ಕಡಿತ ಇದೆ, ಎಚ್‌ಆರ್ ಹತ್ತಿರ ಕೇಳಿ. ಬಿಡಬೇಕಾದರೆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ವೇಗದ ಐಸಿಇ, ಐಸಿ ರೈಲಿಗೆ ಇದು ನಡೆಯಲ್ಲ. ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು.

ಈ ಟಿಕೆಟ್ಟೇ ನಿಮ್ಮ ಹಕ್ಕಿ ಬಜೆಟ್ಟಿನ ಅರ್ಧ. ಅಕ್ಟೋಬರ್‌ನಲ್ಲಿ ಬರ್ಲಿನ್‌ನ ವಾಯವ್ಯಕ್ಕಿರೋ ಲಿನುಮ್ ಊರಿನ ಸುತ್ತ ಹತ್ತಾರು ಸಾವಿರ ಕ್ರೇನ್ ಹಕ್ಕಿಗಳು ಇಳಿಯುತ್ತವೆ. ಬೆಳಗ್ಗೆ ಹೊಲಕ್ಕೆ ಹಾರೋದು, ಸಂಜೆ ನೀರಿಗೆ ವಾಪಸ್ ಬರೋದು, ಎರಡಕ್ಕೂ ದಾರಿಯಲ್ಲೇ ನಿಂತು ಕಾಯಬೇಕು, ಹೊಲಕ್ಕೆ ಇಳಿಯಬಾರದು. ಕಗ್ಗಲಡು ನೆನಪಾದಾಗ ಎಲ್ಬೆ ನದಿ ಹತ್ತಿರದ ರೂಶ್ಟೆಟ್‌ಗೆ ಹೋಗಿ; ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮನೆ ಛಾವಣಿಗಳ ಮೇಲೆ ಬಿಳಿ ಕೊಕ್ಕರೆಗಳ ಗೂಡು. ಬಾಡ್ ವಿಲ್ಸ್‌ನಾಕ್ ಸ್ಟೇಷನ್ನಿಂದ ಸೈಕಲ್ಲಲ್ಲಿ ಹೋಗಬಹುದು. ಊರೊಳಗೇ ಬೇಕೆಂದರೆ ಟೆಂಪಲ್‌ಹೋಫ್, 2008ರಲ್ಲಿ ಮುಚ್ಚಿದ ಹಳೇ ಏರ್‌ಪೋರ್ಟ್, ಅಲ್ಲಿ ಸ್ಕೈಲಾರ್ಕ್ ಗೂಡು ಮಾಡುತ್ತೆ. ಗೂಡಿನ ಕಾಲದಲ್ಲಿ ಬೇಲಿ ಹಾಕಿರ್ತಾರೆ, ಅದರಾಚೆ ಕಾಲಿಡಬೇಡಿ. ಪಾರ್ಕುಗಳ ದೊಡ್ಡ ಮರಗಳಲ್ಲಿ ಗೋಸ್‌ಹಾಕ್ ಡೇಗೆ ಕೂಡ ಇದೆ.

ಈಗ ಲೆನ್ಸು. ಡಿ7200 ಬದಲಿಸಬೇಡಿ, ಅದು ಇನ್ನೂ ಒಳ್ಳೇ ಕ್ಯಾಮೆರಾ. ನಿಮಗೆ ಕಮ್ಮಿ ಇರೋದು ಲೆನ್ಸಿನ ಉದ್ದ, ಅಂದರೆ ದೂರದ ಹಕ್ಕಿಯನ್ನ ಹತ್ತಿರ ಎಳೆದು ತೋರಿಸೋ ಶಕ್ತಿ. ಜನ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗ್ತಿರೋದರಿಂದ ನಿಮ್ಮಂಥ ಹಳೇ ಥರದ ಕ್ಯಾಮೆರಾಗಳ ಮೌಂಟಿಗೆ, ಅಂದರೆ ಲೆನ್ಸ್ ಕೂರೋ ಬಾಯಿಗೆ, ಹೊಂದೋ ಲೆನ್ಸ್‌ಗಳ ಬೆಲೆ ಇಳಿದಿದೆ, ನಿಮ್ಮಂಥವರಿಗೆ ಇದು ಒಳ್ಳೇ ಕಾಲ. ಎರಡೇ ನೋಡಿ: ಸಿಗ್ಮಾ 150-600 ಕಂಟೆಂಪರರಿ, ನಿಕಾನ್ 200-500 ಎಫ್5.6. ಬಳಸಿದ್ದು ಸುಮಾರು 500ರಿಂದ 700 ಯೂರೋಗೆ ಹುಡುಕಬಹುದು. ಸಿಗ್ಮಾ 1930 ಗ್ರಾಂ, ನಿಕಾನ್ 2300. ರೈಲಿನಲ್ಲಿ ಓಡಾಡೋರಿಗೆ ಆ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತೆ. ನನ್ನ ಓಟು ಸಿಗ್ಮಾಗೆ. ಅಂಗಡಿಯಿಂದ ಬಳಸಿದ್ದು ತಗೊಂಡರೆ ಕನಿಷ್ಠ ಒಂದು ವರ್ಷದ ಹೊಣೆ ಅವರದು. ಹಳೇ ಸಾಮಾನು ಮಾರೋ ಕ್ಲೈನ್‌ಅನ್‌ಜೈಗೆನ್ ವೆಬ್‌ಸೈಟಿನಲ್ಲಿ ಖಾಸಗಿಯವರು ಸಾಮಾನ್ಯವಾಗಿ ಹೊಣೆ ಇಲ್ಲ ಅಂತ ಬರೆದಿರ್ತಾರೆ, ಬೆಲೆ ಕಡಿಮೆ. ಪೇಪಾಲ್‌ನಲ್ಲಿ ಸ್ನೇಹಿತರಿಗೆ ಕಳಿಸೋ ಆಯ್ಕೆ ಒತ್ತಿ ಅಂತ ಮಾರೋರು ಹೇಳಿದರೆ ಆ ವ್ಯವಹಾರವೇ ಬೇಡ, ಅದಕ್ಕೆ ರಕ್ಷಣೆ ಇಲ್ಲ.

ಕೈಗೆ ತಗೊಂಡಾಗ ಎರಡೂ ಮುಚ್ಚಳ ತೆಗೆದು, ಹಿಂದಿಂದ ಫೋನಿನ ಟಾರ್ಚ್ ಓರೆಯಾಗಿ ಬಿಡಿ. ನಾಲ್ಕು ಧೂಳಿನ ಕಣ ಪರವಾಗಿಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಫಂಗಸ್, ಮಂಜು ಕವಿದ ಹಾಗಿದ್ದರೆ ಹೇಜ್, ಎರಡಕ್ಕೂ ವಾಪಸ್ ಕೊಟ್ಟು ಬನ್ನಿ. ಮೌಂಟಿನ ಸ್ಕ್ರೂ ತಲೆ ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ. ಫಿಲ್ಟರ್ ಹಾಕೋ ಅಂಚು ಚಪ್ಪಟೆ ಆಗಿದ್ದರೆ ಬಿದ್ದಿರೋ ಲೆನ್ಸು. ಆಮೇಲೆ ನಿಮ್ಮ ಕ್ಯಾಮೆರಾಕ್ಕೆ ಹಾಕಿ, 600ಕ್ಕೆ ಎಳೆದು, ಹತ್ತು ಮೀಟರ್ ದೂರದ ಬೋರ್ಡಿನ ಅಕ್ಷರಕ್ಕೆ ವ್ಯೂಫೈಂಡರಿನಲ್ಲಿ ಹತ್ತು, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತಾ, ಹತ್ತು ಫೋಟೋ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಬಿಟ್ಟು ಮತ್ತೆ ಹಿಡಿಸಿ. ಲೈವ್ ವ್ಯೂ ಚೂಪಾಗಿದ್ದು ವ್ಯೂಫೈಂಡರಿನದು ಪ್ರತಿ ಸಲವೂ ಒಂದೇ ಥರ ಮಸುಕಾದರೆ ಹೆದರಬೇಡಿ, ಫೋಕಸ್ ಹಿಂದೆ ಮುಂದೆ ಆಗಿದೆ ಅಷ್ಟೇ. ಲೆನ್ಸನ್ನ ಕಂಪ್ಯೂಟರಿಗೆ ಜೋಡಿಸೋ ಸಿಗ್ಮಾದ ಯುಎಸ್‌ಬಿ ಡಾಕ್‌ನಲ್ಲಿ ನಾಲ್ಕು ಜೂಮ್, ನಾಲ್ಕು ದೂರ, ಒಟ್ಟು 16 ಕಡೆ ಸರಿಮಾಡಬಹುದು. ಎರಡರಲ್ಲೂ ಮಸುಕಾದರೆ ಗಾಜಿನದೇ ತೊಂದರೆ, ಬೇಡ. 95 ಎಂಎಂ ಫಿಲ್ಟರಿಗೆ ದುಡ್ಡು ಹಾಕಬೇಡಿ, ಲೆನ್ಸಿನ ಮುಂದೆ ಸಿಗಿಸೋ ಹುಡ್ಡೇ ಕಾವಲು.

ಭಾರದ ಲೆನ್ಸನ್ನ ಟ್ರೈಪಾಡ್ ಮೇಲೆ ಸಲೀಸಾಗಿ ತಿರುಗಿಸೋ ಗಿಂಬಲ್ ಕೂಡ ಈಗ ಬೇಡ. ಹಳೇ ಜೀನ್ಸಿನ ಕಾಲು ಒಂದು ಮೊಳ ಕತ್ತರಿಸಿ, ಒಂದೂವರೆ ಕಿಲೋ ರಾಜ್ಮಾವನ್ನ ಜಿಪ್ ಕವರಿಗೆ ಹಾಕಿ ಒಳಗಿಟ್ಟು ಹೊಲಿದರೆ ಬೇಲಿ, ನೆಲ ಎಲ್ಲ ಕಡೆ ಕ್ಯಾಮೆರಾ ಅಲುಗದೆ ಕೂರುತ್ತೆ. ಕವರ್ ಮರೀಬೇಡಿ, ಕಾಳು ನೆನೆದರೆ ಊದಿ ಬೂಷ್ಟು ಬರುತ್ತೆ. ಎಡಿಟಿಂಗಿಗೆ ತಿಂಗಳ ಚಂದಾ ಬೇಡ; ನಿಕಾನಿನ ಎನ್‌ಎಕ್ಸ್ ಸ್ಟುಡಿಯೋ, ಡಾರ್ಕ್‌ಟೇಬಲ್ ಎರಡೂ ಉಚಿತ.

ಉಳಿಸಿದ ದುಡ್ಡು ಅದೇ ಖಾತೇಲಿ ಬಿಟ್ಟರೆ ಕರಗಿಹೋಗುತ್ತೆ. ಕರೆಂಟಿನಲ್ಲಿ 20, ಫೋನಿನಲ್ಲಿ 15 ಉಳಿದರೆ ಅಷ್ಟನ್ನೂ ಸಂಬಳದ ದಿನವೇ ಬೇರೆ ಉಪಖಾತೆಗೆ ಹೋಗೋ ಹಾಗೆ ಕಾಯಂ ಆದೇಶ ಕೊಡಿ. ಬೇರೆ ಕರಾರುಗಳದ್ದೂ ಸೇರಿ ತಿಂಗಳಿಗೆ 50 ಯೂರೋ ಆದರೂ ವರ್ಷಕ್ಕೆ 600, ಲೆನ್ಸು ಬಂತು. ಇನ್ನೂ ಬೇಗ ಬರಬೇಕಾದರೆ ವರ್ಷ ಮುಗಿದ ಮೇಲೆ ತೆರಿಗೆ ಇಲಾಖೆಯ ಎಲ್‌ಸ್ಟರ್ ವೆಬ್‌ಸೈಟಿನಲ್ಲಿ ಟ್ಯಾಕ್ಸ್ ರಿಟರ್ನ್ ಹಾಕಿ, ಅದಕ್ಕೆ ಶುಲ್ಕ ಇಲ್ಲ. ಸಂಬಳದಲ್ಲಿ ತಿಂಗಳ ಟ್ಯಾಕ್ಸ್ ಕಡಿತ ಇಡೀ ವರ್ಷ ದುಡಿದಿರಿ ಅನ್ನೋ ಲೆಕ್ಕದಲ್ಲಿರುತ್ತೆ. ನಡುವೆ ಬಂದವರಿಗೆ ಹೆಚ್ಚಾಗಿ ವಾಪಸ್ ಬರುತ್ತೆ. ಆ ವರ್ಷದ ಇಂಡಿಯಾ ಸಂಬಳವನ್ನೂ ಬರೀಬೇಕು, ಅದಕ್ಕೆ ತೆರಿಗೆ ಹಾಕಲ್ಲ, ದರ ನಿರ್ಧರಿಸೋಕೆ ಸೇರಿಸ್ತಾರೆ. ಮನೆಯವರಿಗೆ ಇಲ್ಲಿ ಸಂಬಳ ಇಲ್ಲದಿದ್ದರೆ ತಿಂಗಳ ಕಡಿತ ಕಡಿಮೆ ಇರೋ ಟ್ಯಾಕ್ಸ್ ಕ್ಲಾಸ್ 3 ಆಗಿದೆಯಾ ಅಂತ ಸಂಬಳದ ಚೀಟಿಯಲ್ಲಿ ಇವತ್ತೇ ನೋಡಿ.

ಊರಿಂದ ಅಪ್ಪ ಅಮ್ಮ ಬರುವಾಗ ಏನು ತರಿಸಲಿ ಅಂತಲೂ ಕೇಳಿದ್ದಿರಿ. ಸಾರಿನಪುಡಿ, ಹುರಿಹಿಟ್ಟು, ಹುರುಳಿಕಾಳು ತರಲಿ. ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ಬೇಡ, ಕಸ್ಟಮ್ಸಿನವರು ತೆಗೆದುಕೊಳ್ತಾರೆ. ಮಿಕ್ಸಿ ಇಲ್ಲೂ ಓಡುತ್ತೆ, ವೋಲ್ಟೇಜ್ ಒಂದೇ, ಅರ್ತ್ ಇರೋ ಅಡಾಪ್ಟರ್ ಮಾತ್ರ ಬೇಕು. ಕುಕ್ಕರ್ ತರೋದಾದರೆ ತಳಕ್ಕೆ ಅಯಸ್ಕಾಂತ ಅಂಟುತ್ತಾ ನೋಡಲಿ. ನಿಮ್ಮದು ಇಂಡಕ್ಷನ್ ಒಲೆ ಆದರೆ ಅಂಟದ ಕುಕ್ಕರ್ ಕೆಲಸಕ್ಕೆ ಬರಲ್ಲ. ಊರಲ್ಲಿ ಬಿಟ್ಟುಬಂದ ಕ್ಯಾಮೆರಾ ಬ್ಯಾಟರಿಗಳನ್ನ ಕೈಚೀಲದಲ್ಲೇ ತರಲಿ, ಚೆಕ್‌ಇನ್ ಸೂಟ್‌ಕೇಸಿಗೆ ಹಾಕೋ ಹಾಗಿಲ್ಲ, ಜೊತೆಗೆ ಕಸ್ಟಮ್ಸಿನವರು ಕೇಳಿದರೆ ತೋರಿಸೋಕೆ ಕ್ಯಾಮೆರಾದ ಹಳೇ ಬಿಲ್ಲಿನ ಒಂದು ಪ್ರತಿ ಇರಲಿ.