ಹಾಸನದಲ್ಲಿ ಕೈತೋಟದ ಗೆಳೆಯರು ಹತ್ತು ಜನ ಸೇರಿ ಮೆಣಸಿನಕಾಯಿ ಬೆಳೆಯುವ ಸ್ಪರ್ಧೆ ಇಟ್ಟುಕೊಳ್ಳಬೇಕು. ಹೇಗೆ ಯೋಜಿಸುವುದು?

ಮೊದಲು ತಳಿ ಒಂದೇ ಇರಲಿ. ಒಬ್ಬರು ಬ್ಯಾಡಗಿ, ಇನ್ನೊಬ್ಬರು ಜೀರಿಗೆ ಮೆಣಸು ಹಾಕಿದರೆ ತೂಕ ಹೋಲಿಸುವುದಕ್ಕೇ ಅರ್ಥವಿಲ್ಲ. ಒಂದೇ ಪೊಟ್ಟಣದ ಬೀಜ ಹಂಚಿ, ತಲಾ 10. ಅದರಲ್ಲಿ ಗಟ್ಟಿಯಾದ ಮೂರು ಸಸಿ ಮಾತ್ರ ಕಣಕ್ಕೆ.

ಜನವರಿ ಕೊನೆಯಲ್ಲಿ ಬಿತ್ತಿ, 35–40 ದಿನಕ್ಕೆ 12 ಇಂಚಿನ ಕುಂಡಕ್ಕೆ ನಾಟಿ ಮಾಡಿದರೆ ಮೇ ಕೊನೆಯೊಳಗೆ ಕಾಯಿ ಎಣಿಸಬಹುದು. ಜೂನ್‌ಗೆ ಎಳೆದರೆ ಮುಂಗಾರು ಹಿಡಿದು ಬೇರು ಕೊಳೆಯುತ್ತದೆ, ಸಕಲೇಶಪುರದ ಕಡೆಯವರಿಗಂತೂ ಇದು ಹೇಳಬೇಕಿಲ್ಲ.

ಮಣ್ಣು: ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು. ಯೂರಿಯಾ ನಿಷೇಧಿಸಿ. ಸಾರಜನಕ ಹೆಚ್ಚಾದರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವು ಉದುರುತ್ತದೆ. ಫೋಟೋಗೆ ಚೆಂದ, ತಕ್ಕಡಿಗೆ ಖಾಲಿ.

ನಿಜವಾದ ಎದುರಾಳಿ ಎಲೆ ಮುಟುರು. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ನುಸಿ (ಜೇಡದ ಜಾತಿಯ ಅತಿ ಸಣ್ಣ ಜೀವಿ). ವಾರಕ್ಕೊಮ್ಮೆ ಕುಡಿ ಎಲೆಯ ಅಡಿ ನೋಡಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ; ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಕೊಯ್ದ ಕಾಯಿಯನ್ನು ಪ್ರತಿ ಸಲ ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ತೂಕವನ್ನು ಗೆಳೆಯರ ಗುಂಪಿಗೆ ತಿಳಿಸಲಿ, ಮೂರು ಗಿಡದ ಒಟ್ಟು ಗ್ರಾಮ್ ಲೆಕ್ಕ. ಖಾರದ ಬಹುಮಾನವೂ ಬೇಕೆಂದರೆ ತೀರ್ಪುಗಾರರ ಪಕ್ಕ ಮೊಸರಿಡಿ, ನೀರಿನಿಂದ ಖಾರ ಇಳಿಯುವುದಿಲ್ಲ.